ನೂರೆಂಬತ್ತು ಕುದುರೆಗಳ ಸಾಕಾಣಿಕೆ

ತುಮಕೂರಿನ ನಮ್ಮ ನೆರೆಮನೆಯ ನಿವೃತ್ತ ಮೇಷ್ಟರು ಕಳೆದ ತಿಂಗಳು ಒಂದು ಭಾನುವಾರ, ಬೆಳಗಿನ ಕಾಫಿಯ ಹೊತ್ತಿಗೆ ಸರಿಯಾಗಿ ದಯಮಾಡಿಸಿದರು. ಹಿಂದೆಯೇ ಅವರ ಚಿರಂಜೀವಿಯೂ ಬಂದು, ಕೈಯಲ್ಲಿದ್ದ ಫೋನಿನಲ್ಲಿ ಒಂದು ಚಿತ್ರವನ್ನು ನೋಡುತ್ತ ಬಾಗಿಲ ಬಳಿ ನಿಂತ. ತಂದೆಯ ಮುಖದಲ್ಲಿ ಚಿಂತೆ, ಮಗನ ಮುಖದಲ್ಲಿ ಪ್ರೇಮ. ಪ್ರೇಮವೆಂದೊಡನೆ ವಾಚಕರು ಬೇರೇನನ್ನೂ ಊಹಿಸಬೇಕಾಗಿಲ್ಲ. ಹುಡುಗನ ಮನಸ್ಸನ್ನು ಸೂರೆಗೊಂಡದ್ದು ಒಂದು ಮೋಟಾರು ಕಾರು. ವಯಸ್ಸು ಒಂಬತ್ತು ವರ್ಷ, ಬಣ್ಣ ಕಡುನೀಲಿ, ಶಕ್ತಿ ೧೮೦ ಅಶ್ವಶಕ್ತಿ.

“ನೋಡಿ ಸ್ವಾಮಿ, ಹೊಸದಾಗಿ ಕೊಂಡಾಗ ಇದಕ್ಕೆ ಇಪ್ಪತ್ತು ಲಕ್ಷಕ್ಕೂ ಮೇಲೆ ಕೊಟ್ಟಿದ್ದರಂತೆ. ಈಗ ಒಂದು ಸಣ್ಣ ಹೊಸ ಕಾರಿನ ಬೆಲೆಗೆ ಕೊಡುತ್ತಾರಂತೆ. ಇಷ್ಟು ದೊಡ್ಡ ವಸ್ತು ಇಷ್ಟು ಅಗ್ಗವಾಗಿ ಬರುತ್ತಿದೆಯೆಂದರೆ ನನಗೇಕೋ ಭಯ” ಎಂದರು ಮೇಷ್ಟರು.

ನಲವತ್ತು ವರ್ಷ ಗಣಿತ ಕಲಿಸಿದವರ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಹುಡುಗನ ಅವಶ್ಯಕತೆಯೂ ಸುಳ್ಳಲ್ಲ. ಅವನಿಗೆ ಬೆಂಗಳೂರಿನ ಯಶವಂತಪುರದ ಬಳಿ ಕೆಲಸ. ಹೋಗಿಬರಲು ದಿನಕ್ಕೆ ೧೩೦ ಕಿಲೋಮೀಟರ್. ಅದೇ ಹಾದಿಯಲ್ಲಿ ರೈಲಿದೆ, ಬಸ್ಸಿದೆ. ಅವುಗಳಿಂದ ಕೆಲಸ ಸಾಗುವವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಧಾರಾವಾಹಿಯ ಪುಟಕ್ಕೆ ಹೋಗಬಹುದು. ಅವರಷ್ಟು ಸುಖಿಗಳು ಬೇರೆ ಇಲ್ಲ. ನಮ್ಮ ಹುಡುಗನದು ಪಾಳಿಯ ಕೆಲಸ. ಒಂದು ವಾರ ಬೆಳಗಿನ ಆರಕ್ಕೆ ಅಲ್ಲಿರಬೇಕು, ಮರುವಾರ ರಾತ್ರಿ ಹತ್ತಕ್ಕೆ ಅಲ್ಲಿಂದ ಹೊರಡಬೇಕು. ಈಗಿರುವ ಪುಟ್ಟ ಹಳೆಯ ಕಾರು ಮೂವರು ಸಹೋದ್ಯೋಗಿಗಳನ್ನು ಹೊತ್ತು, ತಂಪುಯಂತ್ರವನ್ನೂ ಹಾಕಿಕೊಂಡರೆ ದಾಬಸಪೇಟೆಯ ಸೇತುವೆಯ ಏರಿನಲ್ಲಿ ಏದುಸಿರು ಬಿಡುತ್ತದೆ. ಹಿಂದಿನಿಂದ ಲಾರಿಯವನು ಹಾರನ್ನು ಬಾರಿಸುತ್ತಾನೆ. “ಸಾರ್, ಶೋಕಿಗಲ್ಲ. ಪಕ್ಕದ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಕಾರು ಮುಂದಕ್ಕೆ ಹೋಗುವುದೇ ಇಲ್ಲ. ಪ್ರಾಣಭಯವಾಗುತ್ತದೆ” ಎಂದ. ಅದು ನ್ಯಾಯವಾದ ಮಾತು. ಶಕ್ತಿ ಬೇಕೇ ಬೇಡವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಎಷ್ಟು ಬೇಕು, ಅದನ್ನು ಸಾಕುವ ಖರ್ಚೇನು ಎಂಬುದೇ ಪ್ರಶ್ನೆ.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ಮಹಾಶಯನು ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸಕ್ಕೆ ಸಮ ಎಂದು ಗಿರಾಕಿಗಳಿಗೆ ತಿಳಿಸಲು ಈ ‘ಅಶ್ವಶಕ್ತಿ’ಯ ಅಳತೆಯನ್ನು ಬಳಕೆಗೆ ತಂದ. ಇಂದಿನ ಲೆಕ್ಕದಲ್ಲಿ ಅದು ಸುಮಾರು ೭೪೬ ವಾಟುಗಳಿಗೆ ಸಮ. ನಮ್ಮ ದೇಶದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಡರ್ ಕಾರಿನ ೧೪೮೯ ಸಿಸಿಯ ಪೆಟ್ರೋಲು ಎಂಜಿನು ಕೊಡುತ್ತಿದ್ದದ್ದು ಸುಮಾರು ೫೦ ಅಶ್ವಶಕ್ತಿ. ಅದರಲ್ಲಿಯೇ ಮಂತ್ರಿಗಳು ಸಂಚರಿಸಿದರು, ಮದುವೆಯ ದಿಬ್ಬಣಗಳು ಹೊರಟವು, ಒಂಬತ್ತು ಜನ ಹಾಸಿಗೆ ಸಮೇತ ಧರ್ಮಸ್ಥಳಕ್ಕೆ ಹೋಗಿಬಂದರು. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಇಂದಿನ ೧.೨ ಲೀಟರಿನ ಸಾಧಾರಣ ಪುಟ್ಟ ಕಾರೊಂದು ೮೦ ಅಶ್ವಶಕ್ತಿಯನ್ನು ಸಲೀಸಾಗಿ ಕೊಡುತ್ತದೆ.

ಇನ್ನೂ ಒಂದು ಸಂಗತಿಯಿದೆ. ಮಧ್ಯಮ ಗಾತ್ರದ ಕಾರೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡಲು ಬೇಕಾದದ್ದು ಸುಮಾರು ೨೦ ಅಶ್ವಶಕ್ತಿ ಮಾತ್ರ. ಇದು ಗಾಳಿಯನ್ನು ಸೀಳುವುದಕ್ಕೂ ಟೈರುಗಳ ಉರುಳುವಿಕೆಯ ತಡೆಗೂ ತಗಲುವ ವೆಚ್ಚ. ಉಳಿದ ಶಕ್ತಿಯೆಲ್ಲ ಸರ್ಕಾರದ ಮೀಸಲು ನಿಧಿಯಂತೆ, ಆಪತ್ಕಾಲಕ್ಕೆ. ಹೆದ್ದಾರಿಗೆ ಸೇರುವಾಗಿನ ಹತ್ತು ಸೆಕೆಂಡು, ಏರು ಹತ್ತುವಾಗಿನ ಅರ್ಧ ನಿಮಿಷ, ಲಾರಿಯನ್ನು ಹಿಂದೆ ಹಾಕುವಾಗಿನ ಕ್ಷಣ: ಇವಿಷ್ಟೇ ಆ ನಿಧಿಯನ್ನು ಮುಟ್ಟಬೇಕಾದ ಸಂದರ್ಭಗಳು. ಆದ್ದರಿಂದ ಶಕ್ತಿಯ ಗರಿಷ್ಠ ಅಂಕಿಗಿಂತ ಅದು ಯಾವಾಗ ಕೈಗೆ ಸಿಗುತ್ತದೆ ಎಂಬುದು ಮುಖ್ಯ.

ಇದನ್ನು ತಿಳಿಸುವುದು ಟಾರ್ಕ್ ಎಂಬ ತಿರುಗುಬಲ. ಒಂದು ಉದಾಹರಣೆ ನೋಡೋಣ. ಹೋಂಡಾ ಸಿಟಿಯ ೧.೫ ಲೀಟರ್ ಪೆಟ್ರೋಲು ಕಾರಿಗೆ ೧೧೯ ಅಶ್ವಶಕ್ತಿ. ೨೦೧೭ರ ಹ್ಯುಂಡೈ ವೆರ್ನಾದ ೧.೬ ಲೀಟರ್ ಡೀಸೆಲಿಗೆ ೧೨೮. ಮೇಲ್ನೋಟಕ್ಕೆ ಅಣ್ಣತಮ್ಮಂದಿರು. ಆದರೆ ಮೊದಲನೆಯದರ ತಿರುಗುಬಲ ೧೪೫ ನ್ಯೂಟನ್ ಮೀಟರ್, ಅದೂ ಎಂಜಿನು ನಿಮಿಷಕ್ಕೆ ೪,೬೦೦ ಸುತ್ತು ತಿರುಗಿದಾಗ. ಎರಡನೆಯದರದು ಸುಮಾರು ೨೬೦, ಅದೂ ೧,೫೦೦ ಸುತ್ತಿನಿಂದಲೇ. ಒಂದು ಕೂಗಿ ಕೆಲಸ ಮಾಡುತ್ತದೆ, ಇನ್ನೊಂದು ಗೊಣಗಿ ಕೆಲಸ ಮಾಡುತ್ತದೆ. ಎರಡೂ ಒಳ್ಳೆಯ ಸ್ವಭಾವಗಳೇ. ಆದರೆ ದಿನವೂ ನಾಲ್ಕು ಜನರನ್ನು ಹೊತ್ತು ಪದೇ ಪದೇ ಗೇರು ಬದಲಿಸಿ ಬೇಸತ್ತವನಿಗೆ ಎರಡನೆಯ ಸ್ವಭಾವ ಹಿತವಾಗುತ್ತದೆ. ಪೆಟ್ರೋಲಿನಲ್ಲಿಯೂ ಟರ್ಬೋ ಇರುವ ಸಣ್ಣ ಎಂಜಿನುಗಳು ಇದೇ ಬಗೆಯವು. ಸಾವಿರದ ಇನ್ನೂರು ಕಿಲೋ ತೂಕದ ಕಾರಿಗೆ ೧೦೦ರಿಂದ ೧೨೦ ಅಶ್ವಶಕ್ತಿಯೂ ಕೆಳಸುತ್ತಿನಲ್ಲಿಯೇ ದೊರೆಯುವ ತಿರುಗುಬಲವೂ ಇದ್ದರೆ ನಮ್ಮ ಹೆದ್ದಾರಿಯ ಯಾವ ಅವಶ್ಯಕತೆಗೂ ಕೊರತೆಯಾಗದು.

“ಆದರೆ ಸಾರ್, ಬೇಗ ತಲಪಬಹುದಲ್ಲ?” ಎಂದ ಹುಡುಗ.

ಮೇಷ್ಟರು ಜೇಬಿನಿಂದ ಪೆನ್ನು ತೆಗೆದರು. ತುಮಕೂರಿನಿಂದ ಯಶವಂತಪುರಕ್ಕಿರುವ ಅರವತ್ತೈದು ಕಿಲೋಮೀಟರಿನಲ್ಲಿ ನಿಜವಾಗಿಯೂ ತೆರವಾದ ಹಾದಿ ೪೫ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ ೮೦ರಂತೆ ಹೋದರೆ ೩೪ ನಿಮಿಷ, ೧೦೦ರಂತೆ ಹೋದರೆ ೨೭ ನಿಮಿಷ. ಉಳಿತಾಯ ಏಳು ನಿಮಿಷ. ಅದನ್ನು ಗೊರಗುಂಟೆಪಾಳ್ಯದ ಒಂದು ಸಿಗ್ನಲ್ಲು ನುಂಗಿ ನೀರು ಕುಡಿಯುತ್ತದೆ. ಇನ್ನು ನಿಲ್ಲುವ ಲೆಕ್ಕ. ಚಾಲಕನು ಅಪಾಯವನ್ನು ಕಂಡು ಕಾಲನ್ನು ಬ್ರೇಕಿಗೆ ತರಲು ಒಂದು ಸೆಕೆಂಡು ಬೇಕೆಂದುಕೊಂಡರೆ, ಒಣ ರಸ್ತೆಯಲ್ಲಿ ೮೦ರ ವೇಗದ ಕಾರು ಸುಮಾರು ೫೮ ಮೀಟರಿನಲ್ಲಿ ನಿಲ್ಲುತ್ತದೆ, ೧೦೦ರ ವೇಗದ್ದು ೮೪ ಮೀಟರಿನಲ್ಲಿ, ೧೨೦ರದು ೧೧೪ ಮೀಟರಿನಲ್ಲಿ. ರಾತ್ರಿ ಹತ್ತೂವರೆಗೆ ದೀಪವಿಲ್ಲದೆ ನಿಂತ ಲಾರಿಗೂ ನಮಗೂ ನಡುವೆ ಎಷ್ಟು ಮೀಟರ್ ಇರುತ್ತದೆಂದು ಮೊದಲೇ ಹೇಳಬಲ್ಲವರು ಯಾರು? ಇಷ್ಟು ಸಾಲದೆಂಬಂತೆ, ೨೦೨೪ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ ಗಂಟೆಗೆ ೧೩೦ ಕಿಲೋಮೀಟರನ್ನು ಮೀರಿ ಓಡಿಸುವವರ ಮೇಲೆ ಪೊಲೀಸರು ಮೊಕದ್ದಮೆಯನ್ನೇ ದಾಖಲಿಸತೊಡಗಿದರು. ನೂರೆಂಬತ್ತು ಕುದುರೆಗಳಲ್ಲಿ ನೂರು ಕುದುರೆಗಳು ವರ್ಷವಿಡೀ ಲಾಯದಲ್ಲಿಯೇ ಮೇಯುತ್ತಿರುತ್ತವೆ ಎಂದಾಯಿತು.

ಮೇಯುವ ಮಾತು ಬಂದಿತಲ್ಲ, ಆ ಲೆಕ್ಕವನ್ನೂ ಮೇಷ್ಟರು ಬಿಡಲಿಲ್ಲ. ತಿಂಗಳಿಗೆ ೨೪ ದಿನ ಕೆಲಸವೆಂದರೆ ೩,೧೨೦ ಕಿಲೋಮೀಟರ್. ದೊಡ್ಡ ಕಾರು ಲೀಟರಿಗೆ ೧೧ ಕಿಲೋಮೀಟರ್ ಕೊಟ್ಟು, ಮಿತವಾದದ್ದು ೧೭ ಕೊಟ್ಟರೆ, ಎರಡರ ನಡುವಣ ವ್ಯತ್ಯಾಸ ತಿಂಗಳಿಗೆ ನೂರು ಲೀಟರ್. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ ನೂರು ರೂಪಾಯಿ ಎಂದರೆ ತಿಂಗಳಿಗೆ ಹತ್ತು ಸಾವಿರ, ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಕೊಳ್ಳುವಾಗ ಒಂದೇ ಬೆಲೆಯೆಂದು ಕಂಡ ಎರಡು ಕಾರುಗಳು ಮೂರು ವರ್ಷಗಳಲ್ಲಿ ಮೂರೂವರೆ ಲಕ್ಷಕ್ಕೂ ಮೇಲೆ ದೂರ ಸರಿದವು.

ಇಲ್ಲಿಯೇ ಹಳೆಯ ಬಲಶಾಲಿ ಕಾರಿನ ಗುಟ್ಟಿರುವುದು. ಕಾಲ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇಪ್ಪತ್ತು ಲಕ್ಷದ ಕಾರನ್ನು ಆರು ಲಕ್ಷಕ್ಕೆ ಕೊಂಡವನು ಗೇರುಪೆಟ್ಟಿಗೆ ಕೆಟ್ಟಾಗ ಅಂಗಡಿಯವನ ಬಳಿ ‘ನನ್ನದು ಆರು ಲಕ್ಷದ ಕಾರು’ ಎಂದು ಹೇಳುವಂತಿಲ್ಲ. ಟರ್ಬೋ, ಇಂಜೆಕ್ಟರು, ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರುಪೆಟ್ಟಿಗೆ, ಅಗಲವಾದ ಟೈರು ಎಲ್ಲಕ್ಕೂ ಇಪ್ಪತ್ತು ಲಕ್ಷದ ಕಾರಿನ ಬೆಲೆಯನ್ನೇ ಕೊಡಬೇಕು. ಮೊದಲ ಯಜಮಾನನು ಅದನ್ನು ಅಗ್ಗವಾಗಿ ಕೊಡುತ್ತಿರುವುದೂ ಬಹಳಮಟ್ಟಿಗೆ ಇದೇ ಕಾರಣದಿಂದ. ಆನೆಯನ್ನು ಅಗ್ಗಕ್ಕೆ ಕೊಂಡು ಅಂಕುಶಕ್ಕೆ ಸಾಲ ಮಾಡಿದವನ ಕಥೆ ಹೊಸದೇನಲ್ಲ.

ದಿನವೂ ದೂರ ಹೋಗುವವನು ನೆನಪಿಡಬೇಕಾದ ಮತ್ತೊಂದು ಲೆಕ್ಕವಿದೆ. ವರ್ಷಕ್ಕೆ ಅವನ ಓಡಾಟ ೩೭,೦೦೦ ಕಿಲೋಮೀಟರ್. ಸಾಮಾನ್ಯ ಸಂಸಾರದ ಕಾರು ಮೂರು ನಾಲ್ಕು ವರ್ಷಗಳಲ್ಲಿ ಓಡುವಷ್ಟನ್ನು ಅವನು ಒಂದೇ ವರ್ಷದಲ್ಲಿ ಓಡುತ್ತಾನೆ. ಹತ್ತು ಸಾವಿರಕ್ಕೊಮ್ಮೆ ಎಣ್ಣೆ ಬದಲಿಸುವ ಕಾರಾದರೆ ವರ್ಷಕ್ಕೆ ಹೆಚ್ಚುಕಡಮೆ ನಾಲ್ಕು ಬಾರಿ ಗ್ಯಾರೇಜು ಕಾಣಬೇಕು. ಆದ್ದರಿಂದ ಮೀಟರು ಈಗ ಎಷ್ಟು ತೋರಿಸುತ್ತಿದೆ ಎಂಬುದರ ಜೊತೆಗೆ ಮೂರು ವರ್ಷದ ಮೇಲೆ ಎಷ್ಟು ತೋರಿಸುತ್ತದೆ ಎಂದೂ ಕೇಳಿಕೊಳ್ಳಬೇಕು. ಇಂದು ೮೦,೦೦೦ ಓಡಿರುವ ಕಾರು ಅಂದು ಎರಡು ಲಕ್ಷದ ಹತ್ತಿರ ಬಂದಿರುತ್ತದೆ.

ಪೆಟ್ರೋಲೋ ಡೀಸೆಲೋ ಎಂಬ ವ್ಯಾಜ್ಯವೂ ಈ ಲೆಕ್ಕಕ್ಕೇ ಸೇರಿದ್ದು. ಇಷ್ಟು ದೂರ ಓಡುವವನಿಗೆ ಡೀಸೆಲಿನ ಮಿತವ್ಯಯ ಒಪ್ಪುತ್ತದೆ. ೨೦೨೦ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಆರರ ನಿಯಮ ಜಾರಿಗೆ ಬಂದಾಗ ಮಾರುತಿಯಂಥ ದೊಡ್ಡ ತಯಾರಕರೇ ಡೀಸೆಲ್ ಕಾರುಗಳನ್ನು ನಿಲ್ಲಿಸಿದರು. ಹಾಗಾಗಿ ಈಚಿನ ವರ್ಷಗಳ ಮಾದರಿಗಳಲ್ಲಿ ಆಯ್ಕೆ ಕಡಮೆ. ಆ ನಿಯಮದ ಡೀಸೆಲ್ ಕಾರಿನ ಹೊಗೆಕೊಳವೆಯ ಹಾದಿಯಲ್ಲಿ ಮಸಿಯನ್ನು ಹಿಡಿಯುವ ಸೋಸುಕವೊಂದಿರುತ್ತದೆ. ಆಗಾಗ ದೂರದ ಓಟದ ಕಾವು ಸಿಕ್ಕಿದರೆ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಂಡು ಶುದ್ಧವಾಗುತ್ತದೆ. ಊರೊಳಗೇ ತೆವಳಿದ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ಹೆದ್ದಾರಿಯ ಪ್ರಯಾಣಿಕನಿಗೆ ಇದು ಅನುಕೂಲವೇ. ಆದರೆ ಹಿಂದಿನ ಯಜಮಾನನು ಅದನ್ನು ಎಲ್ಲಿ ಓಡಿಸುತ್ತಿದ್ದನೆಂದು ವಿಚಾರಿಸುವುದು ಅಗತ್ಯ. ಪೆಟ್ರೋಲಿನ ಕಾರನ್ನು ಆರಿಸುವವರು ಎಥೆನಾಲಿನ ಮಾತನ್ನು ಮರೆಯಬಾರದು. ೨೦೨೫ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಪೆಟ್ರೋಲು ದೇಶದಾದ್ಯಂತ ಬಂಕುಗಳಿಗೆ ಬಂದಿತು. ೨೦೨೩ರ ಏಪ್ರಿಲಿನಿಂದ ಈಚೆಗೆ ತಯಾರಾದ ಕಾರುಗಳ ಕೊಳವೆ, ರಬ್ಬರು ಮೊದಲಾದವನ್ನು ಅದಕ್ಕೆ ತಾಳುವಂತೆ ಮಾಡಿದ್ದಾರೆ. ಅದಕ್ಕಿಂತ ಹಳೆಯದಾದರೆ ಆ ಮಾದರಿಯ ವಿಷಯದಲ್ಲಿ ತಯಾರಕರು ಏನು ಹೇಳಿದ್ದಾರೆಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ಪರೀಕ್ಷೆ. ಹಳೆಯ ಕಾರನ್ನು ನೋಡುವುದೂ ವರನನ್ನು ನೋಡುವುದೂ ಒಂದೇ ಬಗೆ. ಸಿಂಗರಿಸಿ ಕೂರಿಸಿದಾಗ ಎಲ್ಲರೂ ಚೆಲುವರೇ. ಹೇಳದೆ ಕೇಳದೆ ಮುಂಜಾನೆ ಹೋಗಿ ನೋಡಬೇಕು. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಕ್ಕೆ ಎಡೆಯುಂಟು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿಯ ಹೊಗೆ ಎಂಜಿನು ಬಿಸಿಯಾದ ಮೇಲೂ ನಿಲ್ಲದಿದ್ದರೆ ತಂಪುನೀರು ಒಳಗೆ ಸೋರುತ್ತಿರಬಹುದು. ಮೀಟರು ನಲವತ್ತು ಸಾವಿರ ತೋರಿಸುತ್ತ, ಪೆಡಲಿನ ರಬ್ಬರು ಸವೆದು, ಸ್ಟಿಯರಿಂಗು ಹೊಳಪೇರಿ, ಚಾಲಕನ ಆಸನ ಕುಸಿದಿದ್ದರೆ, ಸುಳ್ಳು ಹೇಳುತ್ತಿರುವುದು ಆಸನವಲ್ಲ. ಸರ್ವೀಸಿನ ದಾಖಲೆಗಳನ್ನು ಒಂದೊಂದಾಗಿ ನೋಡಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ‘೨೩೧೯’ ಎಂದಿದ್ದರೆ ಅದು ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಗೀರಿನ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಾದ ಟೈರಿಗೆ ಮಳೆಯ ರಸ್ತೆಯ ಮೇಲೆ ಅಧಿಕಾರವಿಲ್ಲ. ಎಲ್ಲಕ್ಕೂ ಮೇಲಾಗಿ, ಮಾರುವವನು ತೋರಿಸಿದ ಗ್ಯಾರೇಜಿಗೆ ಹೋಗದೆ, ನಿಮ್ಮ ಪರಿಚಯದ ಮೇಸ್ತ್ರಿಯಿಂದ ಹಣ ಕೊಟ್ಟು ಪರೀಕ್ಷೆ ಮಾಡಿಸಿರಿ. ಆ ಹಣ ಜಿಪುಣತನಕ್ಕೆ ತಕ್ಕ ಸ್ಥಳವಲ್ಲ.

ರಾತ್ರಿಯ ಪ್ರಯಾಣಿಕನಿಗೆ ಶಕ್ತಿಗಿಂತ ಮೊದಲು ಬೇಕಾದದ್ದು ರಕ್ಷಣೆ. ಚಕ್ರಗಳು ಜಾಮಾಗದಂತೆ ಬ್ರೇಕನ್ನು ನಿಯಂತ್ರಿಸುವ ಎಬಿಎಸ್ ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು ೨೦೧೯ರ ಏಪ್ರಿಲಿನಿಂದ. ಚಾಲಕನ ಗಾಳಿಚೀಲ ಅದೇ ವರ್ಷದ ಜುಲೈಯಿಂದ. ಚಾಲಕನ ಪಕ್ಕದಲ್ಲಿ ಕೂರುವವರ ಗಾಳಿಚೀಲ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು ೨೦೨೨ರ ಆರಂಭದಿಂದ. ಅದಕ್ಕೂ ಹಿಂದಿನ ಕಾರುಗಳಲ್ಲಿ ಇವು ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಮಾದರಿಯ ಅಗ್ಗದ ಬಗೆಯಲ್ಲಿ ಇಲ್ಲದೆ ದುಬಾರಿ ಬಗೆಯಲ್ಲಿ ಮಾತ್ರ ಇದ್ದ ಕಾಲವದು. ಹೆಸರನ್ನು ನೋಡಿ ಇದೆಯೆಂದು ನಂಬದೆ, ಕಣ್ಣಾರೆ ನೋಡಿ ನಂಬಬೇಕು. ದೀಪದ ಗಾಜು ಮಂಕಾಗಿದ್ದರೆ ಎಷ್ಟು ಕುದುರೆಗಳಿದ್ದರೂ ಕತ್ತಲಲ್ಲಿ ಅವು ಕುರುಡು ಕುದುರೆಗಳೇ. ಬೆನ್ನಿಗೆ ಆಸರೆ ಕೊಡುವ ಆಸನವೂ ಹಗುರವಾದ ಕ್ಲಚ್ಚೂ ಶೋಕಿಯಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವವನ ಎಚ್ಚರವನ್ನು ಕಾಯುವ ಸಾಧನಗಳು. ಆಯಾಸಗೊಂಡ ಚಾಲಕನಿಗೆ ಯಾವ ಎಂಜಿನೂ ಸಹಾಯ ಮಾಡದು.

ಕೊನೆಯದಾಗಿ ಕಾಗದಪತ್ರ. ಕೈಕುಲುಕಿ ಕೀಲಿಕೈ ತೆಗೆದುಕೊಂಡ ಮಾತ್ರಕ್ಕೆ ಕಾರು ನಿಮ್ಮದಾಗುವುದಿಲ್ಲ. ೨೯ ಮತ್ತು ೩೦ನೆಯ ನಮೂನೆಗಳು ಆರ್‌ಟಿಓ ಕಚೇರಿಗೆ ಹೋಗಿ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗಬೇಕು. ಹಿಂದಿನವನು ಬ್ಯಾಂಕಿನ ಸಾಲ ತೀರಿಸಿದ್ದಾನೆಯೇ, ೩೫ನೆಯ ನಮೂನೆ ಇದೆಯೇ, ಕಟ್ಟದ ದಂಡಗಳೆಷ್ಟು ಎಂದು ವಿಚಾರಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕು. ಇಲ್ಲವಾದರೆ ನಿಮ್ಮ ಕಾರಿಗೆ ಪೆಟ್ಟಾದಾಗ ವಿಮೆಯವರು ತಕರಾರು ತೆಗೆಯಬಹುದು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿಷೇಧವನ್ನು ೨೦೧೮ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿಯ ಅನೇಕ ದೊಡ್ಡ ಕಾರುಗಳು ಬೇರೆ ರಾಜ್ಯಗಳ ಪೇಟೆಯನ್ನು ಸೇರಿದವು. ಹೊರರಾಜ್ಯದ ಕಾರಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ಮರುನೋಂದಣಿಯೂ ಜೀವಾವಧಿ ತೆರಿಗೆಯೂ ತಪ್ಪವು. ಅಗ್ಗವೆಂದು ಕಂಡದ್ದು ಅಲ್ಲಿಗೆ ಅಗ್ಗವಾಗಿ ಉಳಿಯದು.

ನಮ್ಮ ಹುಡುಗನಂತೆ ಹಳೆಯ ಕಾರನ್ನು ಮಾರಿ ಬೇರೆಯದನ್ನು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆಯ ಮಾತು. ಅಪಘಾತವಾದಾಗ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿ, ಹಣ ಎಣಿಸಿಕೊಂಡು, ಮರೆತ ಕಾರು ಎಲ್ಲಿಯೋ ಯಾರಿಗೋ ಗುದ್ದಿದರೆ ಪರಿಹಾರದ ನೋಟೀಸು ನಿಮ್ಮ ಬಾಗಿಲಿಗೆ ಬರುತ್ತದೆ.

ಇಷ್ಟೆಲ್ಲ ಮಾತು ಮುಗಿದರೂ ಹುಡುಗನ ಪ್ರೇಮ ಇಳಿಯಲಿಲ್ಲ. ನಿಜ ಹೇಳಬೇಕೆಂದರೆ, ಸಂಜೆ ಆ ಕಡುನೀಲಿ ಕಾರಿನಲ್ಲಿ ಕ್ಯಾತ್ಸಂದ್ರದವರೆಗೆ ಹೋಗಿಬಂದ ನನಗೂ ಅವನ ಮೇಲೆ ಕೋಪ ಬರಲಿಲ್ಲ. ಅಷ್ಟು ಸೊಗಸಾದ ಓಟ! ಪೆಡಲನ್ನು ಮುಟ್ಟಿದರೆ ಸಾಕು, ಸಿದ್ಧಗಂಗೆಯ ಬೆಟ್ಟವೇ ಎದ್ದು ಎದುರಿಗೆ ಬರುವಂತಿತ್ತು. ಮರುದಿನ ನಮ್ಮ ಮೇಸ್ತ್ರಿ ಅದನ್ನು ಎತ್ತಿ ಕೆಳಗೆ ಇಣುಕಿ ನೋಡಿ, ನಿಧಾನವಾಗಿ ಗೇರು ಬದಲಾಗುವಾಗಿನ ನಡುಕವನ್ನು ಎರಡು ಬಾರಿ ತೋರಿಸಿ, ಆ ಪೆಟ್ಟಿಗೆಯನ್ನು ಬಿಚ್ಚಿದರೆ ಏನಾಗಬಹುದೆಂದು ಒಂದು ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟ. ಮೇಷ್ಟರು ಅದನ್ನು ಓದಿ ಮಡಿಸಿ, ಮಾತಿಲ್ಲದೆ ಮಗನ ಕೈಗೆ ಕೊಟ್ಟರು. ಅದು ಮೇಷ್ಟರ ನಾಲ್ಕು ತಿಂಗಳ ಪಿಂಚಣಿ.

ಆದರೂ ತೀರ್ಮಾನವನ್ನು ಮಾಡಿದ್ದು ಆ ಚೀಟಿಯಲ್ಲ. ರಾತ್ರಿ ಊಟದ ಹೊತ್ತಿಗೆ ಹುಡುಗನ ತಾಯಿ, ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದವರು, ಅನ್ನ ಬಡಿಸುತ್ತ ಕೇಳಿದರಂತೆ: “ಅದು ದಾರಿಯಲ್ಲಿ ಕೆಟ್ಟು ನಿಂತರೆ, ಅಷ್ಟು ಹೊತ್ತಿನಲ್ಲಿ ನೆಲಮಂಗಲದ ಹತ್ತಿರ ಅದನ್ನು ಸರಿಮಾಡುವವರು ಯಾರಪ್ಪ ಇದ್ದಾರೆ?” ಅಶ್ವಶಕ್ತಿ, ತಿರುಗುಬಲ, ಮೈಲೇಜುಗಳನ್ನೆಲ್ಲ ಕರಗತ ಮಾಡಿಕೊಂಡಿದ್ದ ಹುಡುಗನಿಗೆ ಉತ್ತರ ತೋಚಲಿಲ್ಲ.

ಮೂರು ವಾರ ಹುಡುಕಿ ಅವನು ಕೊಂಡದ್ದು ೨೦೨೧ರ ಮಾದರಿಯ ಕಾರು. ಒಬ್ಬರೇ ಯಜಮಾನರು, ನಲವತ್ತೆಂಟು ಸಾವಿರ ಕಿಲೋಮೀಟರ್, ನೂರಿಪ್ಪತ್ತು ಅಶ್ವಶಕ್ತಿ. ನೆಲಮಂಗಲದ ಗ್ಯಾರೇಜಿನವನಿಗೂ ಅದರ ಹೊಟ್ಟೆಯೊಳಗಿನ ಸಂಗತಿ ಗೊತ್ತು. ಉಳಿದ ಹಣದಲ್ಲಿ ನಾಲ್ಕು ಹೊಸ ಟೈರು ಹಾಕಿಸಿದ. ಲಾರಿಯವರು ಈಗ ಹಿಂದಿನಿಂದ ಹಾರನ್ನು ಬಾರಿಸುವುದಿಲ್ಲವಂತೆ.

ರಾತ್ರಿ ಪಾಳಿಯ ವಾರಗಳಲ್ಲಿ ಹನ್ನೊಂದೂವರೆಯ ಸುಮಾರಿಗೆ ನಮ್ಮ ಬೀದಿಯಲ್ಲಿ ಅದರ ಸದ್ದಾಗುತ್ತದೆ. ಗೇಟು ತೆರೆದು ಮುಚ್ಚಿದ ಮೇಲೆ ಮೇಷ್ಟರ ಮನೆಯ ನಡುಮನೆಯ ದೀಪ ಆರುತ್ತದೆ.